ಬಾಣಂತಿಯ ಬಿಸಿನೀರು

ತನ್ನ ಕೂಸಿಗೆ ಕೆಮ್ಮಿನ ಔಷಧಿ ಬರೆಸಲು ಸಂಜೆ ಹುಣಸೂರಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕಾದಿದ್ದ ಪ್ರಮೀಳಾಗೆ ಎದುರು ಬೆಂಚಿನ ಗಂಡಹೆಂಡಿರ ಜಗಳ ಬೇಡವೆಂದರೂ ಕೇಳಿಸುತ್ತಿತ್ತು. ಅವರ ನಡುವೆ ಹಸಿಬಾಣಂತಿ ಮಗಳು ಜ್ವರದಿಂದ ನಡುಗುತ್ತಾ ಕೂತಿದ್ದಳು.

“ಹಂಡೆ ನೀರು ಕಾಯ್ಸಿದ್ದು ಬಾಣಂತಿಗೆ ಕಣ್ರೀ, ನಿಮ್ಮ ಜೀಪಿಗಲ್ಲ.”

“ಈ ಚಳೀಲಿ ರೇಡಿಯೇಟರ್‌ಗೆ ಬಿಸಿನೀರು ಉಯ್ದ್ರೆ ಇಂಜಿನ್ ಬೇಗ ಕಾಯ್ತದೆ. ಅದ್ಕೇ ತಕ್ಕೊಂಡೆ. ಕೊಲೆ ಮಾಡ್ದಂಗೆ ಆಡ್ತೀಯಲ್ಲ!”

“ನಾನು ಅವ್ಳಿಗೆ ಒಂದ್ ಬಕೀಟು ಉಯ್ದು ಇನ್ನೊಂದಕ್ಕೆ ಹಿತ್ಲಿಗೆ ಬಂದ್ರೆ ಹಂಡೆ ಖಾಲಿ! ತಲೆ ತುಂಬ ಸೀಗೆ ಮೆತ್ಕೊಂಡು, ನೆಂದ ಮೈಲಿ ಅರ್ಧ ಗಂಟೆ ಕೂತಿದ್ಲು ನನ್ ಮಗ್ಳು.”

“ಅವ್ಳು ಮೀಯ್ತಾವ್ಳೆ ಅಂತ ನಂಗೇನ್ ಗೊತ್ತು? ಪಿರಿಯಾಪಟ್ಣದ ಮದ್ವೆ ಬಾಡಿಗೆ. ಬೆಳಗ್ಗೆ ಏಳಕ್ಕೇ ಬಾ ಅಂದಿದ್ರು.”

“ಸ್ಟಾರ್ಟ್ ಮಾಡಿ ಹತ್ ನಿಮ್ಸ ಸುಮ್ಕೆ ಬುಡ್ಬೇಕು, ಇಂಜಿನ್ ಕಾಯೋಗಂಟ ಆಕ್ಸಿಲೇಟ್ರು ತುಳೀಬಾರ್ದು ಅಂತ ಊರಿಗೆಲ್ಲ ಪಾಠ ಹೇಳೋರು ಯಾರು?”

“ಇವತ್ತು ಹೊತ್ತಾಗಿತ್ತು ಕಣೆ.”

“ತಣ್ಣಗೆ ಓಡ್ಸಿದ್ರೆ ಪಿಸ್ಟನ್ ಸವೀತದೆ ಅಂತ ಗೊತ್ತು. ಹೆತ್ತು ಹನ್ನೆರಡು ದಿನ ಆದ ಮೈಗೆ ಚಳಿ ಹೊಕ್ರೆ ಏನಾಯ್ತದೆ ಅಂತ ಗೊತ್ತಿಲ್ವಾ?”

“ಮೆಲ್ಲಗೆ ಮಾತಾಡು, ಜನ ನೋಡ್ತಾವ್ರೆ.”

“ನೋಡ್ಲಿ ಬುಡಿ!”

ಒಳಗಿಂದ ನರ್ಸ್ “ಪವಿತ್ರಾ” ಎಂದು ಕೂಗಿದರು. ಅಪ್ಪ ಧಡಕ್ಕನೆ ಎದ್ದು ಮಗಳ ತೋಳು ಹಿಡಿಯಹೋದ. ಹುಡುಗಿ ಕೈ ಕೊಸರಿಕೊಂಡಳು.

“ಬುಡಪ್ಪ, ಅವ್ವ ಅವ್ಳೆ. ನೀನೋಗಿ ಜೀಪು ನೋಡ್ಕೊ. ತಣ್ಣಗಾಗ್ಬುಟ್ಟಾತು.”

ಅವ್ವ, ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.