ಕೈಗೇರದ ಬಳೆ

ಇಳಕಲ್ಲಿನ ಬಳೆ ಅಂಗಡಿಯಲ್ಲಿ ಸರದಿ ಕಾಯುತ್ತಿದ್ದ ಮುದುಕಿ ಗುರುಲಿಂಗವ್ವನ ಎದುರಿಗೇ ಅತ್ತೆ-ಸೊಸೆ ಕೂತಿದ್ದರು. ಏಳು ತಿಂಗಳ ಬಸುರಿ ಸೊಸೆಯ ಕೈಗೆ ಕುಬಸದ, ಅಂದರೆ ಸೀಮಂತದ, ಹಸಿರು ಬಳೆ ಏರಲೊಲ್ಲದು.

“ಕೈ ಭಾಳ ಬಾತಾವು. ತಲಿ ನೋಯ್ತೈತೇನವಾ?” ಬಳೆಗಾರ್ತಿ ರಂಜಾನಬಿ ಕೇಳಿದಳು.

“ಹಗಲೆಲ್ಲಾ ನೋಯ್ತೈತ್ರಿ. ಕಣ್ಣೂ ಮಂಜಾಗ್ತಾವ.”

“ಬಾವಲ್ಲ ಅದು, ಮೈ ತುಂಬ್ಯಾಳ,” ಅತ್ತೆ ನಕ್ಕಳು. “ಗಂಡುಕೂಸಿನ ಬಸರು ಹಿಂಗ ಇರ್ತೈತಿ.”

“ಅಕ್ಕಾರ, ನಮ್ಮ ಮಗಳು ಅಲೀಮಾ ಬಸರಿದ್ದಾಗ ಆಕಿ ಕೈನೂ ಹಿಂಗ ಬಾತಿದ್ವು. ಕೈಕಾಲು ಸೆಟದು ಸತ್ತಳು. ಇವತ್ತ ದವಾಖಾನಿಗೆ ಹೋಗ್ರಿ.”

“ಬಿಡ್ತು ಅನ್ನು! ಸೋಮವಾರ ಕುಬಸ. ಅಲ್ಲೀತನಾ ಈಕಿಗೆ ಸೂಜಿ ಚುಚ್ಚಸಂಗಿಲ್ಲ. ದೊಡ್ಡ ಅಳತಿ ತಗಿ.”

“ಇದಕ್ಕಿಂತ ದೊಡ್ಡದು ಇಲ್ರಿ.”

“ಬ್ಯಾರೆ ಅಂಗಡ್ಯಾಗ ಸಿಗ್ತಾವ. ಏಳವಾ.”

ಸೊಸೆ ಎದ್ದು ಅತ್ತೆಯ ಹಿಂದೆ ನಡೆದಳು. ಬಳೆ ಏರಿಸಲು ರಂಜಾನಬಿ ಒತ್ತಿದ್ದ ಹೆಬ್ಬೆರಳಿನ ಕುಳಿ ಆಕೆಯ ಕೈಮೇಲೆ ಇನ್ನೂ ಹಾಗೇ ಇದ್ದುದನ್ನು ಗುರುಲಿಂಗವ್ವ ನೋಡಿದಳು.