ಕೂಮ್ ಹಾಕಿಕೊಟ್ಟ ಗಾಜು

ಹೆಸರು: ರೊಸಾಂದಾ ಯೆಲಿಸಾವ್ಚಿಚ್, ಗಂಡನ ಹೆಸರು ಮಿಲೊಯ್ಕೊ. ವಯಸ್ಸು: 49 ವರ್ಷ. ಉದ್ಯೋಗ: ರಾಸ್ಪ್‌ಬೆರಿ ಶೀತಲಗೃಹದಲ್ಲಿ ಹಣ್ಣಿನ ಗುಣಮಟ್ಟ ತಪಾಸಣೆ. ವಾಸ: ಶಾಲೆಯ ಹಿಂದಿನ ಬೀದಿ, ಆರಿಲ್ಯೆ, ಸೆರ್ಬಿಯಾ.

ಠಾಣೆಯ ಅಧಿಕಾರಿಯವರು ಕೇಳಿದ ಮೇರೆಗೆ ನಾನು ಹೇಳಿ ಬರೆಸುತ್ತಿರುವ ಸಂಗತಿ ಹೀಗಿದೆ.

ಮೇಲ್ಕಂಡ ವಿಳಾಸದಲ್ಲಿ ನಾನು ನನ್ನ ಗಂಡನೊಂದಿಗೆ ವಾಸವಾಗಿದ್ದೇನೆ. ಗಂಡ ಮಿಲೊಯ್ಕೊ ಊಜಿತ್ಸೆ ಮಾರ್ಗದ ಬಸ್ ಚಾಲಕರು. ಒಬ್ಬಳೇ ಮಗಳು ಡುನ್ಯಾ ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆ. ನನ್ನ ಹೆಸರಿನಲ್ಲಿ ಬೂದು ಬಣ್ಣದ ಒಂದು ಕಾರಿದ್ದು, ಅದರ ಮುಂದಿನ ಗಾಜಿನ ಒಳಬದಿಯಲ್ಲಿ, ಕನ್ನಡಿಯ ಹಿಂದೆ, ಒಂದು ಕ್ಯಾಮೆರಾ ಇದೆ. ಗಾಡಿ ರಸ್ತೆಯ ಬಿಳಿ ಗೆರೆ ದಾಟುವ ಹಾಗಿದ್ದರೆ ಸ್ಟೀರಿಂಗನ್ನು ಒಳಕ್ಕೆ ತಿರುಗಿಸುವುದು, ಎದುರಿಗೆ ಏನಾದರೂ ಅಡ್ಡ ಬಂದರೆ ಬ್ರೇಕ್ ಹಾಕುವುದು, ಇವೆರಡೂ ಆ ಕ್ಯಾಮೆರಾ ನೋಡಿ ಹೇಳಿದಂತೆ ಗಾಡಿ ತಾನೇ ಮಾಡುವ ಕೆಲಸಗಳು. ಎರಡು ವರ್ಷ ಅದರಿಂದ ನನಗೆ ಯಾವ ತೊಂದರೆಯೂ ಆಗಿರಲಿಲ್ಲ.

ಕಳೆದ ಜೂನ್ 24ರ ಸೋಮವಾರ ನಾನು ಕೆಲಸ ಮುಗಿಸಿ ಬರುವಾಗ ಮುಂದಿದ್ದ ಜಲ್ಲಿ ಲಾರಿಯಿಂದ ಕಲ್ಲು ಸಿಡಿದು ಗಾಜಿಗೆ ಬಡಿಯಿತು. ಮನೆ ಸೇರುವಷ್ಟರಲ್ಲಿ ಬಿರುಕು ಕೆಳಗಿನಿಂದ ಕನ್ನಡಿಯವರೆಗೆ ಏರಿತ್ತು. ಚಾಚಾಕ್ ಪಟ್ಟಣದಲ್ಲಿ ಇಂಥ ಗಾಡಿಗಳಿಗೆ ಗಾಜು ಹಾಕುವ ಒಂದು ಕಡೆ ಫೋನ್ ಮಾಡಿ ವಿಚಾರಿಸಿದೆ. ಗಾಜು ಬದಲಾಯಿಸಿದ ಮೇಲೆ ಗಾಡಿಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಎದುರಿಗೆ ಗುರುತಿನ ಫಲಕ ಇಟ್ಟು, ಕ್ಯಾಮೆರಾದ ನೋಟವನ್ನು ಸರಿಹೊಂದಿಸಲೇಬೇಕು, ಇಲ್ಲಿ ಕೂದಲೆಳೆ ಓರೆಯಾದರೆ ದೂರದಲ್ಲಿ ಅದು ಒಂದು ಮಾರು ಓರೆಯಾಗುತ್ತದೆ ಎಂದು ತಿಳಿಸಿದರು. ನಾನು ಗುರುವಾರ ಬರುವುದಾಗಿ ಹೇಳಿದೆ.

ಅದೇ ಸಂಜೆ ತಿಹೊಮಿರ್ ಲುಕೊವಿಚ್ ಎಂಬುವರು ನಮ್ಮ ಮನೆಗೆ ಬಂದರು. ಇವರಿಗೆ ಊರ ಹೊರಗೆ ಗಾಜಿನ ಅಂಗಡಿ ಇದೆ. ಇವರು ನಮಗೆ ಏನಾಗಬೇಕೆಂದು ಅಧಿಕಾರಿಯವರು ಕೇಳಿದ್ದಕ್ಕೆ ಹೇಳುವುದೇನೆಂದರೆ, ಇವರು ನಮ್ಮ ಕೂಮ್. ನಮ್ಮ ಮದುವೆಗೆ ಸಾಕ್ಷಿ ನಿಂತವರು, ಚರ್ಚಿನಲ್ಲಿ ನಮ್ಮ ಮಗಳನ್ನು ಎತ್ತಿಕೊಂಡು ಹೆಸರಿಟ್ಟವರು, ಆ ನಂಟಿನಿಂದ ನನ್ನನ್ನು ಕೂಮಾ ಎಂದು ಕರೆಯುವವರು. ಒಡಹುಟ್ಟಿದವರ ಜೊತೆ ಜಗಳವಾಡಬಹುದು, ಕೂಮ್ ಜೊತೆ ಆಡುವ ಹಾಗಿಲ್ಲ ಎನ್ನುವುದು ಅಧಿಕಾರಿಯವರಿಗೂ ಗೊತ್ತಿದೆ. ಚಾಚಾಕ್ ವಿಷಯ ಕೇಳಿ ಅವರು, ‘ಕೂಮ್ ಬದುಕಿರುವಾಗಲೇ ಬೇರೆಯೋರ ಹತ್ರ ಗಾಜು ಹಾಕಿಸ್ಕೋತೀಯಾ ಕೂಮಾ? ನಾನು ಸತ್ತ ಮೇಲೆ ಹೋಗುವಂತೆ, ಈಗೇನು ಅವಸರ?’ ಎಂದರು. ಕ್ಯಾಮೆರಾ ಸರಿಹೊಂದಿಸುವ ಫಲಕ ನಿಮ್ಮಲ್ಲಿದೆಯೇ ಎಂದು ಕೇಳಿದೆ. ‘ಫಲಕ ಗಿಲಕ ಎಲ್ಲ ಪೇಟೆಯವರ ಆಟ. ಎರಡು ದಿನ ಓಡ್ಸು, ರಸ್ತೆ ನೋಡ್ಕೊಂಡು ಅದೇ ಕಲಿತ್ಕೊಳ್ಳುತ್ತೆ’ ಎಂದರು. ನನ್ನ ಗಂಡ, ‘ಮನೆ ಕೆಲಸ ಮನೆಯೋರೇ ಮಾಡ್ಲಿ ಬಿಡು ರೋಸಾ’ ಎಂದರು. ನಾನು ಚಾಚಾಕ್‌ಗೆ ಬರುವುದಿಲ್ಲವೆಂದು ತಿಳಿಸಿದೆ.

ದಿನಾಂಕ 27ರಂದು ಅವರು ಗಾಜು ಹಾಕಿದರು. ಗಾಡಿ ಸ್ಟಾರ್ಟ್ ಮಾಡಿದಾಗ ಸ್ಟೀರಿಂಗ್ ಎದುರಿನ ಪರದೆಯಲ್ಲಿ ಕ್ಯಾಮೆರಾ ಕೆಲಸ ಮಾಡುತ್ತಿಲ್ಲವೆಂದು ಹಳದಿ ಅಕ್ಷರ ಬಂತು. ಅವರು ಸ್ಟೀರಿಂಗ್ ಕೆಳಗೆ ಒಂದು ಉಪಕರಣ ಚುಚ್ಚಿ ಏನೋ ಒತ್ತಿದರು, ಅಕ್ಷರ ಹೋಯಿತು. ‘ನೋಡು, ಕಾಯಿಲೆ ವಾಸಿ’ ಎಂದರು. ಒಂದು ದಿನಾರೂ ತೆಗೆದುಕೊಳ್ಳಲಿಲ್ಲ. ಕಾಫಿ ಕುಡಿಸಿ, ಪ್ಲಮ್ ಹಣ್ಣಿನಿಂದ ಇಳಿಸಿದ ಮದ್ಯ ರಾಕಿಯಾ ಒಂದು ಬಾಟಲಿ ಕೈಗೆ ಕೊಟ್ಟು ಕಳಿಸಿದರು. ಹಣ ಕೊಟ್ಟಿದ್ದರೆ ಮುಂದೆ ಗಾಡಿ ತೊಂದರೆ ಕೊಟ್ಟಾಗ ನಾನು ಅವರನ್ನು ಜೋರಾಗಿ ಕೇಳಬಹುದಿತ್ತು ಎಂದು ನನಗೆ ಆಮೇಲೆ ಅನೇಕ ಸಲ ಅನಿಸಿದೆ.

ಮುಂದಿನ ಸೋಮವಾರ ಬೆಳಿಗ್ಗೆ ನನ್ನ ಜೊತೆ ಕೆಲಸ ಮಾಡುವ ಸ್ತಾನ್ಕಾಳನ್ನು ಕೂರಿಸಿಕೊಂಡು ಪೊಜೆಗಾ ಹೆದ್ದಾರಿಯಲ್ಲಿ ಹೋಗುತ್ತಿದ್ದೆ. ಗಾಡಿ ಗೆರೆಗಳ ನಡುವೆಯೇ ಇತ್ತು. ಆದರೂ ಪಕ್ಕದಲ್ಲಿ ಯಾರೋ ಕೂತು ಎಳೆದ ಹಾಗೆ ಸ್ಟೀರಿಂಗ್ ಬಲಕ್ಕೆ, ನದಿಯ ಕಡೆಗೆ ಎಳೆಯಿತು. ನಾನು ಬಿಗಿಯಾಗಿ ಹಿಡಿದು ಸರಿಮಾಡಿದೆ. ಸೇತುವೆ ಹತ್ತಿರ, ಎದುರಿಗೆ ನೊಣವೂ ಇರಲಿಲ್ಲ, ಗಾಡಿ ಜೋರಾಗಿ ಬ್ರೇಕ್ ಹಾಕಿತು. ಸ್ತಾನ್ಕಾಳ ಕನ್ನಡಕ ಹಾರಿ ಕಾಲ ಬಳಿ ಬಿತ್ತು. ನಾಯಿ ಅಡ್ಡ ಬಂತೇ ಎಂದು ಕೇಳಿದಳು, ಇಲ್ಲ ಎಂದೆ. ಬೆಕ್ಕೇ ಎಂದಳು, ಏನೂ ಇಲ್ಲ ಎಂದೆ. ‘ಹಾಗಾದ್ರೆ ನಾಳೆಯಿಂದ ನಾನು ನಮ್ಮೆಜಮಾನ್ರ ಟ್ರ್ಯಾಕ್ಟರ್‌ನಲ್ಲೇ ಬರ್ತೀನಮ್ಮ. ಅದಕ್ಕೆ ಬುದ್ಧಿ ಇಲ್ಲ, ಅದೇ ನಮ್ಮ ಪುಣ್ಯ’ ಎಂದಳು. ಮರುದಿನದಿಂದ ಅವಳು ನನ್ನ ಗಾಡಿ ಹತ್ತಿಲ್ಲ.

ನಾನು ಮೂರು ಸಲ ಕೂಮ್ ಅಂಗಡಿಗೆ ಹೋದೆ. ಮೊದಲನೇ ಸಲ ಟೈರಿನ ಗಾಳಿ ಕಡಿಮೆಯಾಗಿದೆ ಎಂದರು. ಎರಡನೇ ಸಲ ರಸ್ತೆಯೇ ನದಿಯ ಕಡೆಗೆ ವಾಲಿದೆ ಎಂದರು. ಆ ರಸ್ತೆಯಲ್ಲಿ ನಾನು ಇಪ್ಪತ್ತು ವರ್ಷದಿಂದ ಓಡಾಡುತ್ತಿದ್ದು, ಅದು ಆ ವಾರವಷ್ಟೇ ವಾಲಿತೇ ಎಂದು ಕೇಳಿದ್ದಕ್ಕೆ ನಕ್ಕು ಒಳಗೆ ಹೋದರು. ಮೂರನೇ ಸಲ ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ಅವರ ಎದುರಿಗೇ, ‘ಬೇಜಾರು ಮಾಡ್ಕೋಬೇಡ ಕೂಮಾ, ಈ ವಯಸ್ಸಲ್ಲಿ ಹೆಂಗಸರಿಗೆ ಹಾಗೆಲ್ಲ ಆಗುತ್ತೆ. ನಮ್ಮನೆಯವಳಿಗೂ ಹೋದ ವರ್ಷ ಸುಮ್ ಸುಮ್ನೆ ಎದೆ ಡವಡವ ಅಂತಿತ್ತು’ ಎಂದರು. ನಾನು, ‘ಅವರ ಎದೆಯೂ ಬಲಗಡೆಗೇ ಎಳೀತಿತ್ತಾ?’ ಎಂದು ಕೇಳಿದೆ. ಗಿರಾಕಿಗಳು ನಕ್ಕರು. ಕೂಮ್ ನಗಲಿಲ್ಲ.

ಮನೆಯಲ್ಲಿ ಹೇಳಿದೆ. ನನ್ನ ಗಂಡ ಒಂದು ಭಾನುವಾರ ತಾವೇ ಗಾಡಿ ತೆಗೆದುಕೊಂಡು ಗುಡ್ಡದ ಹಳ್ಳಿಯವರೆಗೆ ಹೋಗಿ ಬಂದರು. ‘ಬೆಣ್ಣೆ ಥರ ಹೋಗುತ್ತೆ. ಇಪ್ಪತ್ತಾರು ವರ್ಷ ಬಸ್ಸು ಓಡಿಸಿದೋನು ನಾನು, ನಂಗೆ ಗೊತ್ತಾಗಲ್ವಾ? ನೀನೇ ಬ್ರೇಕ್ ಮೇಲೆ ಕಾಲಿಡ್ತಿದೀಯ’ ಎಂದರು. ಗುಡ್ಡದ ರಸ್ತೆಯಲ್ಲಿ ಬಿಳಿ ಗೆರೆಯೇ ಇಲ್ಲ. ಗೆರೆ ಇಲ್ಲದ ಕಡೆ ಗಾಡಿ ಸ್ಟೀರಿಂಗ್ ಮುಟ್ಟುವುದಿಲ್ಲ. ಇದನ್ನು ಹೇಳಿದರೆ ಗುಂಡಿ ಒತ್ತಿ ಆಫ್ ಮಾಡಿಕೊಂಡು ಓಡಿಸು ಎಂದರು. ಆಫ್ ಮಾಡಿದರೂ ಗಾಡಿ ಸ್ಟಾರ್ಟ್ ಮಾಡಿದಾಗಲೆಲ್ಲ ಅದು ಮತ್ತೆ ಆನ್ ಆಗುತ್ತದೆ. ಒಂದು ದಿನ ಮರೆತರೆ ನಾನು ನದಿಯಲ್ಲಿ. ಹೊರಗಿನವರು ನಂಬದಿದ್ದರೆ ಸಿಟ್ಟು ಬರುತ್ತದೆ. ಒಂದೇ ಮೇಜಿನಲ್ಲಿ ಊಟ ಮಾಡುವವರು ನಂಬದಿದ್ದರೆ, ನನ್ನ ಕಾಲು ಎಲ್ಲಿತ್ತು ಎಂದು ನನಗೇ ಅನುಮಾನ ಬರತೊಡಗುತ್ತದೆ. ನನಗೂ ಹಾಗೆ ಆಗಿತ್ತು.

ಕೊನೆಗೆ ನಾನು, ಇಬ್ಬರೂ ಗಂಡಸರು ಕೂತು ಹೆದ್ದಾರಿಯಲ್ಲೇ ಓಡಿಸಿ ನೋಡಬೇಕು, ಇಲ್ಲದಿದ್ದರೆ ನಾನು ಚಾಚಾಕ್‌ಗೆ ಹೋಗಿ ಊರಿಗೆಲ್ಲ ಹೇಳುತ್ತೇನೆ ಎಂದೆ. ಅದರಂತೆ ಜುಲೈ 13ರ ಶನಿವಾರ ನಾವು ಅಂಗಡಿಗೆ ಹೋದೆವು. ಕೂಮ್ ಹೆಂಡತಿ ಬಿಸಿ ಬಿಸಿ ಗಿಬಾನಿತ್ಸಾ, ಅಂದರೆ ಚೀಸಿನ ಪದರಗಡುಬು, ಒಂದು ದೊಡ್ಡ ಟ್ರೇಯಲ್ಲಿ ಬಟ್ಟೆ ಮುಚ್ಚಿ ನನ್ನ ಕೈಗೆ ಕೊಟ್ಟರು. ಬೆಳಿಗ್ಗೆ ಸುಮಾರು 11 ಗಂಟೆಗೆ ಹೊರಟೆವು. ಎಡಗಡೆಯ ಚಾಲಕರ ಸೀಟಿನಲ್ಲಿ ಗಾಡಿ ಓಡಿಸುತ್ತಿದ್ದವರು ತಿಹೊಮಿರ್. ಅವರ ಬಲಕ್ಕೆ, ಪಕ್ಕದ ಸೀಟಿನಲ್ಲಿ ನಾನು, ತೊಡೆಯ ಮೇಲೆ ಟ್ರೇ, ಅದರ ಎರಡು ಅಂಚಿನಲ್ಲಿ ನನ್ನ ಎರಡು ಕೈ. ಚಾಲಕರ ಹಿಂದೆ, ಎಡಗಡೆ, ನನ್ನ ಗಂಡ. ಗುಂಡಿಯನ್ನು ನಾನು ಆಫ್ ಮಾಡಿರಲಿಲ್ಲ. ತಿಹೊಮಿರ್ ಆನ್ ಇದೆಯೇ ಎಂದು ಕೇಳಿದಾಗ ಇದೆ ಎಂದೇ ಹೇಳಿದ್ದೇನೆ.

ಸುಮಾರು ನಾಲ್ಕು ಕಿಲೋಮೀಟರ್ ಏನೂ ಆಗಲಿಲ್ಲ. ಕೂಮ್ ಒಂದು ಕೈ ಸ್ಟೀರಿಂಗ್ ಮೇಲಿಟ್ಟು, ಇನ್ನೊಂದು ಕೈ ಆಡಿಸುತ್ತ, ‘ಎಲ್ಲಮ್ಮಾ ನಿನ್ನ ದೆವ್ವ? ರಜಾ ಹಾಕಿದೆಯಾ?’ ಎಂದು ನನ್ನ ಗಂಡನ ಕಡೆ ಅರ್ಧ ತಿರುಗಿ ನಕ್ಕರು. ನನ್ನ ಗಂಡನೂ ನಕ್ಕರು. ಮುಂದಿನ ತಿರುವಿನಲ್ಲಿ ಹೊಸದಾಗಿ ಗೆರೆ ಬಳಿದಿದ್ದಾರೆ. ಅಲ್ಲಿ ಸ್ಟೀರಿಂಗ್ ಬಲಕ್ಕೆ ತಿರುಗಿತು. ರಸ್ತೆ ಬದಿಯಲ್ಲಿ ಒಬ್ಬ ಮುದುಕರು ಛತ್ರಿ ನೆಟ್ಟು ಜೇನು ಮಾರುತ್ತಿದ್ದರು. ಗಾಡಿ ನೇರ ಅವರ ಕಡೆಗೇ ಹೋಯಿತು. ಅವರು ಕುರ್ಚಿಯಿಂದ ಏಳಲು ಒದ್ದಾಡುತ್ತಿದ್ದುದು ನನಗೆ ಕಾಣಿಸಿತು. ಕೂಮ್ ಎರಡೂ ಕೈಯಿಂದ ಸ್ಟೀರಿಂಗನ್ನು ಎಡಕ್ಕೆ ಎಳೆದರು. ಗಾಡಿ ಮುದುಕರನ್ನು ತಪ್ಪಿಸಿ, ಎಡಗಡೆಯಲ್ಲಿ ಎದುರು ಗಾಡಿಗಳು ಬರುವ ದಾರಿಯನ್ನೂ ದಾಟಿ, ಅದರಾಚೆಯ ಚರಂಡಿಗೆ ಇಳಿದು ಪ್ಲಮ್ ತೋಟದ ಕಾಂಕ್ರೀಟ್ ಕಂಬಕ್ಕೆ ಹೊಡೆಯಿತು. ಎದುರಿನಿಂದ ಬರುತ್ತಿದ್ದ ಲಾರಿ ಅಷ್ಟು ಹೊತ್ತಿಗಾಗಲೇ ನಮ್ಮನ್ನು ದಾಟಿ ಹೋಗಿತ್ತು. ಇಲ್ಲದಿದ್ದರೆ ಈ ಹೇಳಿಕೆಯನ್ನು ಬೇರೆ ಯಾರೋ ಕೊಡಬೇಕಾಗಿತ್ತು.

ಹೊಸ ಗಾಜಿನ ಮೇಲೆಲ್ಲ ಚೀಸ್ ಮೆತ್ತಿಕೊಂಡಿತ್ತು. ನನಗೆ ಎದೆಗೆ ಬೆಲ್ಟ್ ಒತ್ತಿದ ನೋವು, ಗಂಡನಿಗೆ ಹಣೆಗೆ ಏಟು. ಕೂಮ್ ಅವರ ಎಡ ಭುಜದ ಮೂಳೆ ಮುರಿದಿತ್ತು. ನಾವಿಬ್ಬರೂ ಸೇರಿ ಅವರನ್ನು ಹೊರಗೆ ತಂದು ಹುಲ್ಲಿನ ಮೇಲೆ ಕೂರಿಸಿದೆವು. ನಾನು ಟ್ರೇ ಬಟ್ಟೆಯನ್ನು ಅವರ ಕೊರಳಿಗೆ ಕಟ್ಟಿ ಕೈಯನ್ನು ಅದರಲ್ಲಿಟ್ಟೆ. ಅವರು ಬಿಳಿಚಿಕೊಂಡಿದ್ದರು. ಆಗ, ‘ಅದೇ ತಿರುಗ್ತು ಕೂಮಾ. ನನ್ನ ಕೈಯಿಂದ ಕಿತ್ಕೊಂಡ್ಬಿಡ್ತು’ ಎಂದು ಎರಡು ಸಲ ಹೇಳಿದರು. ನನ್ನ ಗಂಡ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು. ನಾನು ಇಷ್ಟು ದಿನ ಕಾಯುತ್ತಿದ್ದ ಮಾತು ಅದು. ಕೇಳಿ ಸಂತೋಷವೇನೂ ಆಗಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಸಂಚಾರ ಪೊಲೀಸರು ಬಂದರು. ಅವರು ಕೇಳಿದಾಗ ತಿಹೊಮಿರ್, ಗಾಡಿ ಸರಿಯಾಗಿಯೇ ಹೋಗುತ್ತಿತ್ತು, ಈಕೆ ಗಾಬರಿಯಾಗಿ ಕೈ ಹಾಕಿ ಸ್ಟೀರಿಂಗ್ ಎಳೆದರು, ಈಕೆಗೆ ಈ ಗಾಡಿಯ ಭಯ ಇದೆ, ಊರಿಗೆಲ್ಲ ಗೊತ್ತು ಎಂದು ಹೇಳಿದರು. ನಾನು ಕಟ್ಟಿದ ಬಟ್ಟೆ ಆಗಲೂ ಅವರ ಕೊರಳಲ್ಲೇ ಇತ್ತು. ಪೊಲೀಸರು ನನ್ನ ಗಂಡನನ್ನು ಕೇಳಿದರು. ಅವರು ನೆಲ ನೋಡುತ್ತ, ‘ನಾನು ಹಿಂದೆ ಕೂತಿದ್ದೆ ಸಾರ್. ಕಿಟಕಿ ಆಚೆ ನೋಡ್ತಿದ್ದೆ’ ಎಂದರು. ಜೇನಿನ ಮುದುಕರು ತಮ್ಮ ಕಡೆಗೆ ಬಂದ ಗಾಡಿಯನ್ನಷ್ಟೇ ಕಂಡಿದ್ದು, ಒಳಗಿನ ಕೈಗಳನ್ನು ಕಂಡಿರಲಿಲ್ಲ.

ಆ ದಿನ ಮನೆಗೆ ಬಂದ ಮೇಲೆ ನಾನು ಗಂಡನನ್ನು, ‘ಕಿಟಕಿ ಆಚೆ ಏನಿತ್ತು?’ ಎಂದು ಕೇಳಿದೆ.

‘ನದಿ’ ಎಂದರು.

‘ನದಿ ಬಲಗಡೆ ಇತ್ತು. ನೀನು ಎಡಗಡೆ ಕೂತಿದ್ದೆ.’

ಅವರು, ‘ಅವನು ಅಂಗಡಿ ಮುಚ್ಚಬೇಕಾಗುತ್ತೆ ರೋಸಾ. ನಮ್ಮ ಮಗಳಿಗೆ ಹೆಸರಿಟ್ಟೋನು’ ಎಂದರು. ನಾನು, ‘ನಾಳೆ ಇನ್ಯಾರದೋ ಗಾಡಿಗೆ ಗಾಜು ಹಾಕ್ತಾನೆ. ಆ ಗಾಡಿಯ ಹಿಂದಿನ ಸೀಟಲ್ಲಿ ಮಗು ಕೂತಿರುತ್ತೆ. ಅದಕ್ಕೆ ಯಾರು ಹೆಸರಿಟ್ಟಿರ್ತಾರೋ’ ಎಂದೆ. ಬಡಿಸಿದೆ, ಉಂಡರು, ಅಷ್ಟೇ.

ಮಂಗಳವಾರ ಅವರು ಹಣ್ಣಿನ ರಸ, ಕಾಫಿಪುಡಿ ತೆಗೆದುಕೊಂಡು ಊಜಿತ್ಸೆ ಆಸ್ಪತ್ರೆಗೆ ಕೂಮ್‌ನನ್ನು ನೋಡಲು ಹೋದರು. ವಾಪಸು ಬಂದು ಟೋಪಿಯನ್ನೂ ತೆಗೆಯದೆ ಅಡಿಗೆಮನೆಯಲ್ಲಿ ಕೂತರು. ಕೂಮ್ ಏನಂದರೆಂದು ಕೇಳಿದೆ. ‘ನೋಡ್ಲಿಲ್ಲ ಅಂದ್ರೆ ಸಾಲದಂತೆ. ನೀನು ಸ್ಟೀರಿಂಗ್‌ಗೆ ಕೈ ಹಾಕಿದ್ದನ್ನ ಕಣ್ಣಾರೆ ನೋಡಿದೆ ಅಂತ ಹೇಳ್ಬೇಕಂತೆ’ ಎಂದರು. ನೀನೇನು ಹೇಳಿದೆ ಎಂದು ಕೇಳಿದೆ. ‘ಬಸ್ಸಿಗೆ ಹೊತ್ತಾಯ್ತು ಅಂತ ಎದ್ದು ಬಂದೆ’ ಎಂದರು. ಆಮೇಲೆ, ಅಷ್ಟು ದಿನದಲ್ಲಿ ಮೊದಲ ಸಲ, ಗಾಡಿ ಹೇಗೆ ಎಳೆಯುತ್ತಿತ್ತು, ಎಲ್ಲಿ ಎಳೆಯುತ್ತಿತ್ತು ಎಂದು ನನ್ನನ್ನು ಕೇಳಿದರು. ನಾನು ಹೇಳುತ್ತಾ ಹೋದೆ. ಅವರು ಒಂದು ಸಲವೂ ಅಡ್ಡ ಬಾಯಿ ಹಾಕಲಿಲ್ಲ.

ಈ ದಿನ ಬೆಳಿಗ್ಗೆ ನಾವಿಬ್ಬರೂ ಬಸ್ಸಿನಲ್ಲಿ ಠಾಣೆಗೆ ಬಂದೆವು. ಅಧಿಕಾರಿಯವರು ಮೊದಲು ನನ್ನ ಗಂಡನ ಹೇಳಿಕೆ ಪಡೆದರು. ಬಾಗಿಲು ತೆರೆದಿದ್ದರಿಂದ ಹೊರಗಿನ ಬೆಂಚಿನ ಮೇಲಿದ್ದ ನನಗೆ ಕೇಳಿಸಿತು. ಸ್ಟೀರಿಂಗ್ ತಾನಾಗಿ ತಿರುಗಿತು, ನನ್ನ ಹೆಂಡತಿಯ ಎರಡು ಕೈಯೂ ಟ್ರೇ ಮೇಲಿದ್ದವು, ಚರಂಡಿಯ ಬದಿಯಲ್ಲಿ ಕೂತಾಗ ತಿಹೊಮಿರ್ ಕೂಡ ಹಾಗೆಯೇ ಹೇಳಿದ ಎಂದು ಅವರು ತಿಳಿಸಿದರು. ಹಾಗಿದ್ದರೆ ಶನಿವಾರ ಯಾಕೆ ಹೇಳಲಿಲ್ಲವೆಂದು ಅಧಿಕಾರಿಯವರು ಕೇಳಿದರು.

‘ಅವನು ನನ್ನ ಕೂಮ್ ಸಾರ್.’

‘ಇವತ್ತು ಅಲ್ವಾ?’

‘ಇವತ್ತೂ ಹೌದು. ಅದಕ್ಕೇ ಇಷ್ಟು ದಿನ ಹಿಡೀತು.’

ನನ್ನ ಕೋರಿಕೆ ಇಷ್ಟೇ. ಗಾಡಿಯನ್ನು ಗುಜರಿಗೆ ಹಾಕುವ ಮೊದಲು ಕ್ಯಾಮೆರಾ ಎತ್ತ ನೋಡುತ್ತಿತ್ತೆಂದು ತಿಳಿದವರಿಂದ ಪರೀಕ್ಷೆ ಮಾಡಿಸಬೇಕು. ತಿಹೊಮಿರ್ ಅಂಗಡಿಯಲ್ಲಿ ಗಾಜು ಹಾಕಿಸಿಕೊಂಡ ಇಂಥ ಬೇರೆ ಗಾಡಿಗಳು ಊರಿನಲ್ಲಿ ಓಡಾಡುತ್ತಿವೆ. ಅವುಗಳ ಮಾಲೀಕರಿಗೆ ಇವತ್ತೇ ಫೋನ್ ಮಾಡಿಸಬೇಕು.

ಬರೆದದ್ದನ್ನು ಅಧಿಕಾರಿಯವರು ನನಗೆ ಓದಿ ಹೇಳಿದರು. ಅದರಲ್ಲಿ ಒಂದು ಕಡೆ, ಈ ಘಟನೆಯಿಂದ ನನಗೆ ಬೇಸರವಾಗಿದೆ ಎಂದು ಬರೆದಿದ್ದರು. ಬೇಸರ ಎಂಬ ಮಾತನ್ನು ನಾನು ಹೇಳಿಲ್ಲ. ಅದನ್ನು ಹೊಡೆದುಹಾಕಿ ಸಿಟ್ಟು ಬಂದಿದೆ ಎಂದು ತಿದ್ದಿಸಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನಡೆದದ್ದೂ ಹಾಗೆಯೇ ಇದೆ ಎಂದು ಒಪ್ಪಿ ರುಜು ಹಾಕಿರುತ್ತೇನೆ.

ಸ್ಥಳ: ಆರಿಲ್ಯೆ
ದಿನಾಂಕ: 18 ಜುಲೈ 2024

(ಸಹಿ) ರೊಸಾಂದಾ ಯೆಲಿಸಾವ್ಚಿಚ್