ಅಣ್ಣ ಚೀವರ ಬಿಟ್ಟದ್ದು

ಅಧ್ಯಕ್ಷರಾದ, ನಮ್ಮ ವಿಹಾರದ ಹಿರಿಯ ಭಿಕ್ಷು ಭಂತೇಜಿಯವರಿಗೆ, ಅತಿಥಿಗಳಾದ ಮೇಜರ್ ಸಾಹೇಬರಿಗೆ, ಮೊದಲ ಸಾಲಿನಲ್ಲಿ ಹಾರ ಹಾಕಿಸಿಕೊಂಡು ತಲೆತಗ್ಗಿಸಿ ಕೂತಿರುವ ನನ್ನ ಅಣ್ಣನಿಗೆ, ಮತ್ತು ಸಭಿಕರೇ, ನಿಮಗೆಲ್ಲ ವಂದನೆ.

ಯುದ್ಧಕ್ಕೆ ಹೊರಟವನನ್ನು ಬೀಳ್ಕೊಡುವ ನಾಲ್ಕು ಮಾತು ಮನೆಯವರೇ ಆಡಲಿ ಎಂದು ಈ ಸಭೆ ಕರೆದ ಸಂಘದವರು ಹೇಳಿದರು. ಅಪ್ಪ ಒಲ್ಲೆ ಎಂದರು. ಹಾಗಾಗಿ ಶಾಲೆಗೆ ಅರ್ಧಕ್ಕೇ ಕೈಮುಗಿದ ನಾನು ನಿಮ್ಮ ಪಾಲಿಗೆ ಬಂದಿದ್ದೇನೆ. ಇಸ್ತ್ರಿ ಅಂಗಡಿಯವನು, ಬಟ್ಟೆ ಮಡಚಲು ಬರುತ್ತದೆ, ಮಾತು ಮಡಚಲು ಬರುವುದಿಲ್ಲ.

ಚೀವರ ಎಂಬ ಕಾವಿ ಬಟ್ಟೆ ಉಟ್ಟು ಅಣ್ಣ ಭಿಕ್ಷುವಾಗಿದ್ದಾಗ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದ. ಬಟ್ಟೆಗೆ ಹತ್ತಿದ ಹುಳುವನ್ನು ಮತ್ತೆ ತೊಟ್ಟಿಗೇ ಬಿಡುತ್ತಿದ್ದ. "ಕಣ್ಣಿಗೇ ಕಾಣದ್ದಕ್ಕೆ ಇಷ್ಟು ಉಪಚಾರಾನಾ?" ಎಂದು ರೇಗಿಸಿದರೆ, "ನಿನಗೆ ಕಾಣಲ್ಲ ಅಂದ್ರೆ ಅದು ಇಲ್ವೇನೋ ಪೆದ್ದ?" ಎನ್ನುತ್ತಿದ್ದ.

ಗಡಿಯಾಚೆಯವರು ನಮ್ಮ ಆಸ್ಪತ್ರೆಯ ಮೇಲೆ ಬಾಂಬು ಹಾಕಿದ ಮರುದಿನ ಅಣ್ಣ ನನ್ನ ಅಂಗಡಿಗೆ ಬಂದು, ಹಬೆಯ ನಡುವೆ ನಿಂತ.

"ಚೀವರ ಬಿಡ್ತಾ ಇದ್ದೀನಿ ಕಣೋ. ಭಿಕ್ಷುಗಳ ನಿಯಮದಂತೆ ಅದನ್ನ ಯಾರ ಮುಂದೆಯಾದರೂ ಹೇಳಬೇಕು. ಕೇಳಿದವನಿಗೆ ಅರ್ಥವಾದರೆ ಬಿಟ್ಟ ಹಾಗೆ."

"ನನಗೆ ಅರ್ಥವಾಗಲಿಲ್ಲ" ಎಂದೆ.

ಮತ್ತೆ ಹೇಳಿದ. ಮತ್ತೂ ಹೇಳಿದ. ನಾನು ಮೊಂಡು ಹಿಡಿದೆನೆಂದು ಅವನು ತಿಳಿದ. ನಿಜವಾಗಿಯೂ ಅರ್ಥವಾಗಲಿಲ್ಲ, ಸಭಿಕರೇ. ಕೊನೆಗೆ ವಿಹಾರಕ್ಕೆ ಹೋದ. ಭಂತೇಜಿಯವರಿಗೆ ಒಂದೇ ಸಲಕ್ಕೆ ಅರ್ಥವಾಯಿತು.

ಆವತ್ತಿನಿಂದ ನನಗೊಂದು ಕನಸು. ಅಣ್ಣ ಇಡೀ ಹೊಳೆಯನ್ನೇ ಸೋಸುತ್ತಿರುತ್ತಾನೆ. ಬಟ್ಟೆಯ ಮೇಲೆ ಉಗುರಿನಷ್ಟೇ ದೊಡ್ಡ ಮನುಷ್ಯರು, ಒದ್ದೆ ಸಮವಸ್ತ್ರದಲ್ಲಿ. ಬಣ್ಣ ಬಿಟ್ಟುಹೋಗಿದೆ, ಯಾವ ಕಡೆಯವರೋ ತಿಳಿಯದು. ಒಬ್ಬೊಬ್ಬರನ್ನೇ ಮೆಲ್ಲಗೆ ನೀರಿಗೆ ಬಿಡುತ್ತಾನೆ. ಅವರು ಈಜುತ್ತ ಈಜುತ್ತ ತಮ್ಮ ತಮ್ಮ ಮನೆಗೆ ಹೋಗುತ್ತಾರೆ.

ದ್ವೇಷವಿಲ್ಲದೆ, ಇನ್ನೊಬ್ಬರನ್ನು ಕಾಯಲು ಎತ್ತಿದ ಕೈಗೆ ಪಾಪ ಅಂಟದು ಎಂದು ಭಂತೇಜಿಯವರು ಈಗತಾನೆ ಹೇಳಿದರು. ಇರಬಹುದು. ಸತ್ತವನಿಗೆ ಅದನ್ನು ತಿಳಿಸುವವರು ಯಾರು? ಸತ್ತವನ ತಮ್ಮನಿಗೆ ತಿಳಿಸುವವರು ಯಾರು? ಹಾಗಾದರೆ ಆಸ್ಪತ್ರೆಯನ್ನು ಕಾಯುವುದು ಬೇಡವೇ ಎಂದು ನೀವು ಕೇಳಿದರೆ, ನನ್ನಲ್ಲಿ ಉತ್ತರವಿಲ್ಲ. ಇದ್ದಂತೆ ನಟಿಸಲಾರೆ.

'ಗೆದ್ದು ಬಾ' ಎಂದು ಮುಗಿಸಲು ಸಂಘದವರು ಹೇಳಿಕೊಟ್ಟಿದ್ದಾರೆ. ಅಣ್ಣಾ, ಸೋತಾದರೂ ಬಾ. ಓಡಿಯಾದರೂ ಬಾ. ಕೊಂದು ಬಂದರೂ ಬಾ. ಆದರೆ ಅದು ಪಾಪವಲ್ಲ ಎಂದು ನನ್ನ ಬಾಯಿಂದ ಹೇಳಿಸಲು ಬರಬೇಡ. ಸುಮ್ಮನೆ ಮನೆಗೆ ಬಾ.

ಚಪ್ಪಾಳೆ ಬೇಡ. ಇಷ್ಟು ಹೊತ್ತು ತಾಳಿಕೊಂಡಿರಲ್ಲ, ಅದೇ ದೊಡ್ಡ ಉಪಕಾರ. ನಮಸ್ಕಾರ.